ಅಣ್ಣನ ಹಣೆಗೆ ಹೊಸ ಡಿಸೈನು

ಒಂದು ಒಗಟು ಹೇಳ್ತೀನಿ. ನಿನ್ನೆ ಬಲಗಡೆ ಇತ್ತು, ಇವತ್ತು ಕೆಳಗಿದೆ, ನಾಳೆ ಎಲ್ಲಿರುತ್ತೋ ಹೆತ್ತವನಿಗೂ ಗೊತ್ತಿಲ್ಲ. ಏನದು? ನಿಮಗೆ ಬರಲ್ಲ ಬಿಡಿ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೂ ಬರ್ತಿರಲಿಲ್ಲ. ಅದು ಫೋಟೊ ಹಂಚಿಕೊಳ್ಳೋ ವೆಬ್‌ಸೈಟಿನ ಗುಂಡಿ. ಸುಧಾರಣೆ ಅಂತ ಆ ಸೈಟಿನವರು ಏನಾದರೂ ಮಾಡಿದಾಗಲೆಲ್ಲ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಒಂದು ಪ್ರಸಂಗ ಗ್ಯಾರಂಟಿ.

ಅಣ್ಣ ಕಳೆದ ವರ್ಷ ಜ್ವರ ಬಂದು ತೀರಿಕೊಂಡ. ಅವನ ಫೋಟೊಗಳೆಲ್ಲ ಆ ಸೈಟಿನಲ್ಲೇ ಇವೆ. ಅವನು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಡುವಾಗ ಅಮ್ಮ ದಿನಾ ಹಣೆಗೆ ಕುಂಕುಮ ಇಡೋಳು. ಈಗ ಫೋನಿನಲ್ಲಿರೋ ಹಣೆಗೆ ಇಡ್ತಾಳೆ. ಪ್ರಿಂಟ್ ತೆಗೆಸಿ ಗೋಡೆಗೆ ಹಾಕೋಣ ಅಂದೆ.

"ಗೋಡೆಗೆ ಹಾಕಿದ್ರೆ ಹೋದ ಅಂತ ಆಗೋಗುತ್ತೆ ಕಣೋ. ಫೋನಲ್ಲಿದ್ರೆ ಎಲ್ಲೋ ಊರಿಗೆ ಹೋಗಿದಾನೆ ಅಂತ" ಅಂದಳು.

ನಾನು ಫೋನನ್ನ ಚಾರ್ಜಿಗೆ ಹಾಕಿದೆ.

೧. ಬೆರಳು ತಾಗಿದ್ದು

ಮೊದಲೆಲ್ಲ ಫೋಟೊ ಮುಟ್ಟಿದರೆ ಒಂದು ಹೃದಯ ಮೂಡುತ್ತಿತ್ತು, ಅಷ್ಟೇ. ಹೊಸ ಡಿಸೈನಿನಲ್ಲಿ ಮುಟ್ಟಿದರೆ ಎಲ್ಲರಿಗೂ ಹೋಗುತ್ತೆ. ಅಮ್ಮ ಕುಂಕುಮ ಇಟ್ಟಳು, ಅಣ್ಣ ನೆಂಟರ ಮನೆಗೆಲ್ಲ ಹೋದ. ಕೈವಾರದ ದೊಡ್ಡಮ್ಮ ಅಳುತ್ತಾ ಫೋನ್ ಮಾಡಿದಳು: "ಏನಾಯ್ತೇ, ಬೆಳಬೆಳಗ್ಗೆ ಮಗೂನ ಫೋಟೊ ಕಳಿಸಿದೀಯ?"

"ಏನೂ ಆಗಿಲ್ಲ ಕಣಕ್ಕ. ಆಗೋದು ಆಗಲೇ ಆಗಿದೆಯಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ದೊಡ್ಡಮ್ಮ, "ಮುಂಚೆಗಿಂತ ಸ್ವಲ್ಪ ದಪ್ಪ ಆಗಿದಾನೆ ಅಲ್ವೇನೇ" ಅಂದಳು.

೨. ಹುಂಜ

ಆ ಹಂಚೋದನ್ನ ಸೆಟ್ಟಿಂಗಿನಲ್ಲಿ ನಾನು ನಿಲ್ಲಿಸೋ ಹೊತ್ತಿಗೆ ಮುಂದಿನ ಸುಧಾರಣೆ ಬಂತು. ಫೋಟೊಗಳೆಲ್ಲ ಚೌಕ ಆದವು. ಅಣ್ಣ ಉದ್ದ. ಕತ್ತಿನಿಂದ ಮೇಲೆ ಕತ್ತರಿಸಿಹೋದ. ಉಳಿದದ್ದು ಅವನ ಅಂಗಿ, ಕಂಕುಳಲ್ಲಿದ್ದ ಹುಂಜ. ಅಮ್ಮ ಕನ್ನಡಕ ಹಾಕಿರಲಿಲ್ಲ, ಹುಂಜಕ್ಕೇ ಕುಂಕುಮ ಇಟ್ಟಳು.

ಪಕ್ಕದ ಮನೆ ಅಜ್ಜಿ ಇಣುಕಿ ನೋಡಿ, "ಏಮಮ್ಮಾ, ಹುಂಜಕ್ಕೆ ಕುಂಕುಮ ಇಟ್ಟೆ ಅಂದ್ರೆ ಮಧ್ಯಾಹ್ನ ಸಾರು ತಾನೆ? ನನಗೂ ಒಂದು ಬಟ್ಲು" ಅಂದಳು.

ಅಮ್ಮ ನಗಲಿಲ್ಲ. "ಇವನ ಮುಖ ಎಲ್ಲಿ ಹೋಯ್ತೋ?" ಅಂತ ಫೋನನ್ನೇ ಅಲ್ಲಾಡಿಸಿದಳು. ಒತ್ತಿ ಹಿಡಿದರೆ ಫೋಟೊ ಪೂರ್ತಿ ಕಾಣುತ್ತೆ ಅಂತ ನಾನು ಕಂಡುಹಿಡಿಯೋ ತನಕ ಒಲೆ ಹಚ್ಚಲಿಲ್ಲ. ಮಧ್ಯಾಹ್ನ ಅಜ್ಜಿ ಮಾತ್ರ ಬಟ್ಟಲು ಹಿಡಿದುಕೊಂಡು ಬಂದಳು.

೩. ಇಬ್ಬರೂ ಒಬ್ಬರೇನಾ

ಈಗ ಸೈಟಿಗೆ ಮುಖ ಗುರುತು ಹಿಡಿಯೋ ಬುದ್ಧಿ ಬಂದಿದೆ. ಅಣ್ಣನ ಫೋಟೊ ಪಕ್ಕ ನನ್ನದನ್ನು ಇಟ್ಟು ಕೇಳಿತು: "ಇವರಿಬ್ಬರೂ ಒಬ್ಬರೇನಾ?" ಕೆಳಗೆ ಹೌದು, ಅಲ್ಲ ಅಂತ ಎರಡು ಗುಂಡಿ. ಅಮ್ಮ ಇಬ್ಬರನ್ನೂ ನೋಡಿ ಹೌದು ಒತ್ತಿದಳು. ನನ್ನ ಫೋಟೊಗಳೆಲ್ಲ ಅಣ್ಣನ ಹೆಸರಿಗೆ ಸೇರಿದವು. ಮಾರನೇ ಬೆಳಗ್ಗೆ ಕುಂಕುಮ ನನ್ನ ಫೋಟೊಗೆ ಬಿತ್ತು.

"ಅಮ್ಮ, ಅದು ನಾನು."

"ಇರಲಿ ಬಿಡಪ್ಪ. ಇಬ್ಬರಿಗೂ ಸೇರಿ ಒಂದೇ ಬೊಟ್ಟು. ಕುಂಕುಮ ಉಳಿಯುತ್ತೆ."

ನಕ್ಕಿರಾ? ಈ ಕೊನೇದು ನಾನೇ ಕಟ್ಟಿದ್ದು. ಅಮ್ಮ ಹೌದೂ ಒತ್ತಿಲ್ಲ, ಅಲ್ಲವೂ ಒತ್ತಿಲ್ಲ. ಪ್ರಶ್ನೆ ದಿನಾ ಬರುತ್ತೆ. "ಅಲ್ಲ ಅಂದ್ರೆ ಅವನನ್ನ ಅಳಿಸಿಬಿಡ್ತಾರೇನೋ" ಅಂತ ಬೆರಳು ಹಿಂದಕ್ಕೆ ತಗೊಂಡು ನನ್ನನ್ನ ಕರೀತಾಳೆ. ನಾನು ಪ್ರಶ್ನೆಯನ್ನ ಪಕ್ಕಕ್ಕೆ ತಳ್ಳಿ, ಅಣ್ಣನ ಮುಖ ಪೂರ್ತಿ ಕಾಣೋ ಹಾಗೆ ಒತ್ತಿ ಹಿಡ್ಕೊಂಡು ನಿಲ್ತೀನಿ, ಅವಳು ಕುಂಕುಮ ಇಟ್ಟು ಮುಗಿಸೋ ತನಕ.