ನಡುಹೊಳೆಯ ಗೇರು

ಎದೆ ಡವಡವ ಅನ್ನುವ ಕೆಲಸ ಕೈಯಲ್ಲಿದ್ದಾಗಲೇ ನಗುವಂಥದ್ದು ಏನಾದರೂ ನಡೆಯುತ್ತದೆ. ನಗಲಿಕ್ಕೆ ಮಾತ್ರ ಆಗ ಆಗುವುದಿಲ್ಲ. ಕಾಲುವೆ ಕೆಲಸ ನಡೆದಿದ್ದ ಕಾಲಕ್ಕೆ ನಾನು ಭೀಮರಾಯನಗುಡಿ ಕ್ಯಾಂಪಿನಲ್ಲಿ ಮೆಕ್ಯಾನಿಕ್. ಸುರಪುರದ ಕಡೆ ಕೃಷ್ಣಾ ಹೊಳೆಯಲ್ಲಿ ನಮ್ಮದೊಂದು ಬೋಟು. ಎಂಜಿನ್ ಒಳಗೆ, ಹಿಂದೆ ನೀರಿಗಿಳಿದ ಗೇರಿನ ಪೆಟ್ಟಿಗೆ, ಅದರ ತುದಿಗೆ ನೀರು ತಳ್ಳುವ ಫ್ಯಾನು. ಹಿಂದೆ ಯಾರೋ ಆ ಗೇರುಗಳನ್ನು ಕಣ್ಣಳತೆಯಲ್ಲೇ ಕೂಡಿಸಿದ್ದರು. ನಡುಹೊಳೆಯಲ್ಲಿ ಗೇರಿನ ಹಲ್ಲು ಮುರಿದು, ಬೋಟಿನಲ್ಲಿದ್ದವರು ಜಾಲಿಗಿಡ ಹಿಡಿದು ಜೀವ ಉಳಿಸಿಕೊಂಡಿದ್ದರು. ಮಳೆಗಾಲ ಹತ್ತಿರವಿತ್ತು. ಹೊಳೆ ತುಂಬಿದರೆ ನಡುಗಡ್ಡೆಯ ಮಂದಿಗೆ ಆ ಬೋಟೇ ಆಸರೆ. ಈ ಸಲ ಸರಿಯಾದ ಅಳತೆ ಸಾಮಾನು ತರಿಸಿ ಗೇರು ಕೂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಬಸ್ಸಿನಲ್ಲಿ

ಸಾಮಾನಿನ ಪೆಟ್ಟಿಗೆ ರೈಲಿನಲ್ಲಿ ಯಾದಗಿರಿಗೆ ಬಂತು. ಕುಲುಕಿದರೆ ಕೆಟ್ಟೀತೆಂದು, ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ.

"ಏನೈತ್ರಿ ಅದರಾಗ?" ಕಂಡಕ್ಟರ್ ಕೇಳಿದ.

"ಗೇರು ಕೂಡಿಸೋ ಸಾಮಾನ್ರಿ."

ಶಹಾಪುರದ ಈಚೆ ಏರಿನ ಬುಡದಲ್ಲಿ ಬಸ್ಸು ನಿಂತಿತು. ಡ್ರೈವರ್ ನನ್ನ ಹತ್ತಿರವೇ ಬಂದ. "ಎರಡನೇ ಗೇರು ಬೀಳವಲ್ದ್ರಿ. ಒಂದೀಟು ನೋಡ್ರಿ."

ಇದು ಬೋಟಿಂದು, ಬಸ್ಸಿಂದಲ್ಲ ಎಂದು ನಾನು ಬೆವರುತ್ತ ಹೇಳುತ್ತಿದ್ದರೆ, ಪಕ್ಕದ ಅಜ್ಜಿ ಸಮಾಧಾನದಿಂದ ಅಂದಳು: "ಪೆಟ್ಟಿಗಿ ತೊಡಿ ಮ್ಯಾಲೆ ಇಟ್ಕೊಂಡು ಕುಂತ್ರ ಬಸ್ಸಿಗೆ ಹ್ಯಾಂಗ ಆರಾಮ ಆಗ್ತೈತೆಪಾ? ಅದರ ಬಾಯಿ ತಗದು ಬಸ್ಸಿಗೆ ತೋರಿಸು."

ತೆಳ್ಳನೆ ಬಳೆ

ಗೇರು ಎಷ್ಟು ಆಳಕ್ಕೆ ಕೂಡಬೇಕೋ ಅಷ್ಟಕ್ಕೆ ಶಿಮ್ಮು ಹಾಕಬೇಕು. ಶಿಮ್ಮೆಂದರೆ ಕಾಗದದಂಥ ಲೋಹದ ಬಳೆ. ತಂದಿದ್ದರಲ್ಲೊಂದು ಕಾಣೆಯಾಯಿತು. ಬೇರೆಯದು ತರಿಸುವಷ್ಟರಲ್ಲಿ ಹೊಳೆ ಬಂದುಬಿಡುತ್ತಿತ್ತು. ವರ್ಕ್‌ಶಾಪಿನ ಕಸ ಜರಡಿ ಹಿಡಿದೆ, ಚಪ್ಪಲಿ ಜಾಡಿಸಿದೆ. ಕೊನೆಗೆ ನೋಡಿದರೆ ನಮ್ಮ ಫೋರ್‌ಮನ್ನರ ಚಹಾ ಗ್ಲಾಸಿನ ಬುಡಕ್ಕೆ ಜಿಡ್ಡಿನಿಂದ ಅಂಟಿಕೊಂಡಿತ್ತು.

ಅವರು ಗ್ಲಾಸು ತಿರುಗಿಸಿ ನೋಡಿದರು. "ಅದಕ್ಕ ಇವತ್ತ ಚಹಾ ಸ್ವಲ್ಪ ಎತ್ತರ ಅನಸಾಕತ್ತಿತ್ತು."

ನಡುಗುವ ಮುಳ್ಳು

ಹಲ್ಲು ಹಲ್ಲಿನ ನಡುವಿನ ಸಂದಿ ನೋಡಲು ಅಳತೆಯ ಡಯಲ್ ಕಟ್ಟಿದೆ. ಮುಳ್ಳು ಒಂದು ಕಡೆ ನಿಲ್ಲದು. ಬಿಚ್ಚಿ ಮತ್ತೆ ಕೂಡಿಸಿದೆ, ಮತ್ತೂ ನಡುಗಿತು. ನಡುಹೊಳೆಯೇ ಕಣ್ಣ ಮುಂದೆ ಬಂತು.

"ಗೇರಿನ ಮ್ಯಾಲಿಂದ ಕೈ ತಗಿ," ಅಂದರು ಫೋರ್‌ಮನ್ನರು.

ತೆಗೆದೆ. ಮುಳ್ಳು ಗಪ್ಪನೆ ನಿಂತಿತು.

"ಗೇರು ಸರಿ ಐತಿ. ನಿನಗ ಹಾಕಾಕ ಶಿಮ್ಮು ನಮ್ಮ ಹಂತ್ಯಾಕ ಇಲ್ಲ ನೋಡು."

ನೀರಿಗಿಳಿದಾಗ

ಬೋಟು ಪಾಸು ಮಾಡಲು ಎಂಜಿನಿಯರ್ ಸಾಹೇಬರು ಬಂದು ಹಿಂದಿನ ಹಲಗೆಯ ಮೇಲೆ ಕೂತರು. ನಾನೇ ನಡೆಸಿದೆ. ಗೇರು ತಪ್ಪಾಗಿ ಕೂತರೆ ಮೊದಲು ಅಳುತ್ತವೆ, ಆಮೇಲೆ ಮುರಿಯುತ್ತವೆ. ಮೈಯೆಲ್ಲ ಕಿವಿ ಮಾಡಿಕೊಂಡು ಹೋಗುತ್ತಿದ್ದೆ. ನಡುಹೊಳೆಗೆ ಬರುವಷ್ಟರಲ್ಲಿ ಹಿಂದಿನಿಂದ "ಊಂ..." ಎಂಬ ಅಳುದನಿ ಶುರುವಾಯಿತು. ಎಂಜಿನ್ ಬಂದ್ ಮಾಡಿದೆ.

ಅಳು ನಿಲ್ಲಲಿಲ್ಲ.

ತಿರುಗಿ ನೋಡಿದರೆ ಸಾಹೇಬರು ಕಣ್ಣು ಮುಚ್ಚಿ, ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಹನುಮಪ್ಪನ ಜಪ ಮಾಡುತ್ತಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ಬೋಟು ಆಗಲೇ ಸೆಳವಿಗೆ ಓರೆಯಾಗಿ ಸರಿಯುತ್ತಿತ್ತು.

"ಸಾಹೇಬ್ರ, ಜಪ ಮನಸಿನ್ಯಾಗ ಮಾಡ್ರಿ. ಗೇರು ಅಳಾಕತ್ತಾವಂತ ತಿಳದು ಎಂಜಿನ್ ಬಂದ್ ಮಾಡೀನ್ರಿ."

ಅವರು ಒಂದೇ ಕಣ್ಣು ತೆರೆದು ಸುತ್ತಲ ನೀರು ನೋಡಿದರು.

"ನೀ ಮೊದಲು ಅದನ್ನ ಚಾಲೂ ಮಾಡು, ಆಮ್ಯಾಲೆ ನಾ ಇದನ್ನ ಬಂದ್ ಮಾಡ್ತೀನಿ. ಎರಡರಾಗ ಒಂದಾದ್ರೂ ನಡೀತಿರಲಿ."