ಸ್ಟೋರ್ ರೂಮಿನ ಸವತಿ

ಸಿಸಿಲಿಯಾಳ ಮನೆಗೆ ಸವತಿ ಬಂದದ್ದು ಕೊರಿಯರಿನಲ್ಲಿ. ಬಾಗಿಲು ತೆರೆದು, ಸಹಿ ಹಾಕಿ, ಎರಡೂ ಕೈಗಳಿಂದ ಎತ್ತಿ ಒಳಗೆ ತಂದವಳೂ ಅವಳೇ. ಹಳೆಯ ಕಾಲದ ಹೆಂಡತಿಯಾಗಿದ್ದರೆ ಆರತಿಯನ್ನೂ ಎತ್ತುತ್ತಿದ್ದಳೇನೋ. ಆದರೆ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಒಲೆಯ ಮೇಲೆ ಮೀನು ಸಾರು ಇಟ್ಟಿದ್ದ ನರ್ಸಮ್ಮನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಸಂಜೆ ದುಬೈಯ ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಬಂದ ಗಂಡ ಆಸ್ವಾಲ್ಡ್ ಶೂ ಬಿಚ್ಚುವ ಮೊದಲೇ ಡಬ್ಬ ಬಿಚ್ಚಿದ. ಒಳಗಿಂದ ಮಧ್ಯಮ ಗಾತ್ರದ ಹಲಸಿನ ಹಣ್ಣಿನಷ್ಟು ದೊಡ್ಡದೊಂದು ಓಕ್ ಮರದ ಪೀಪಾಯಿ ಹೊರಬಂತು. ಸೊಂಟಕ್ಕೆ ಕಬ್ಬಿಣದ ಪಟ್ಟಿ, ಮುಂದೊಂದು ಪುಟ್ಟ ಮರದ ನಲ್ಲಿ, ಕುಳಿತುಕೊಳ್ಳಲು ಪ್ರತ್ಯೇಕ ಪೀಠ.

"ಸಿಸ್ಸಿ, ಇವಳನ್ನು ನೋಡು!"

"ಇವಳಾ?"

"ಎಷ್ಟು ಚಂದ ಉಂಟಲ್ವಾ? ಒಳಗೆಲ್ಲ ಸುಟ್ಟಿದ್ದಾರೆ, ಗೊತ್ತುಂಟಾ? ಆಗಲೇ ರುಚಿ ಬರುವುದು."

"ನನಗೂ ಒಳಗೆ ಸುಡ್ತಾ ಉಂಟು. ಎಂತ ಇದು?"

ಇದು ಎಂತ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಸ್ವಾಲ್ಡನಿಗೆ ಮೊದಲು ಹತ್ತಿದ್ದು ಮನೆಯಲ್ಲೇ ವಿಸ್ಕಿಯ ಭಟ್ಟಿ ಇಳಿಸುವ ಹುಚ್ಚು. ಮೊಬೈಲಿನಲ್ಲಿ ಯಾರೋ ಗಡ್ಡದವನು ತನ್ನ ಮನೆಯ ಹಿತ್ತಲಲ್ಲಿ ತಾಮ್ರದ ಹಂಡೆ ಇಟ್ಟು ಹನಿಹನಿಯಾಗಿ ಅಮೃತ ಇಳಿಸುವುದನ್ನು ನೋಡಿ ಪುಳಕಿತನಾದವನು, ಪ್ರೆಶರ್ ಕುಕ್ಕರಿನ ಸೀಟಿಯ ಜಾಗಕ್ಕೆ ಕೊಳವೆ ಸಿಕ್ಕಿಸುವ ಯೋಜನೆ ಹಾಕಿದ್ದ. ಸಿಸಿಲಿಯಾ ಕುಕ್ಕರನ್ನು ಎದೆಗವಚಿಕೊಂಡಿದ್ದಳು. "ಇಲ್ಲಿ ಭಟ್ಟಿ ಇಳಿಸಿದರೆ ಸೀದಾ ಜೈಲು. ವೀಸಾ ಖಲಾಸ್, ಕೆಲಸ ಖಲಾಸ್. ಕುಕ್ಕರ್ ಮುಟ್ಟಿದರೆ ಅದಕ್ಕಿಂತ ಮೊದಲು ನೀನು ಖಲಾಸ್!"

"ನೀನು ವೈನ್ ಮಾಡುವುದಿಲ್ವಾ?"

"ಅದು ಜ್ಯೂಸ್. ಸ್ವಲ್ಪ ಹಳೆಯ ಜ್ಯೂಸ್."

(ಕರಾವಳಿಯ ಹೆಂಗಸರು ಈ ಊರಲ್ಲಿ ಫೋನಿನಲ್ಲಿ ಆ ಪದಾರ್ಥವನ್ನು ಕರೆಯುವುದೇ ಹಾಗೆ. 'ಈ ಸಲ ಜ್ಯೂಸ್ ಹೇಗಾಯ್ತು?' 'ಚೂರು ಸ್ಟ್ರಾಂಗ್ ಆಯ್ತು ಮಾರಾಯ್ತಿ.')

ಕೊನೆಗೆ ಅವನಿಗೆ ದಾರಿ ತೋರಿಸಿದವನು ಅಲ್ ಬರ್ಷಾದಲ್ಲಿದ್ದ ಗೆಳೆಯ ಟ್ರೆವರ್. ವಿಸ್ಕಿಯ ವಿಷಯದಲ್ಲಿ ಆಸ್ವಾಲ್ಡನ ಪಾಲಿಗೆ ಟ್ರೆವರ್ ಬಿಷಪರ ಸಮಾನ. ಭಟ್ಟಿ ಬೇಡ, ಅಂಗಡಿಯಿಂದ ಲೈಸೆನ್ಸಿನ ಮೇಲೆ ಸಾದಾ ವಿಸ್ಕಿ ತಂದು ಓಕ್ ಪೀಪಾಯಿಯಲ್ಲಿ ಕೆಲವು ತಿಂಗಳು ಹಣ್ಣಾಗಲು ಬಿಡು, ಕ್ರಿಸ್ಮಸ್ ಹೊತ್ತಿಗೆ ರಾಜರು ಕುಡಿಯುವಂಥದ್ದು ಆಗ್ತದೆ ಎಂದು ಆತ ಬೋಧಿಸಿದ್ದ.

ಹಣ್ಣಾಗಲು ಕತ್ತಲಿನ, ತಂಪಿನ ಜಾಗ ಬೇಕಲ್ಲ? ಮಿರ್ದಿಫಿನ ಅವರ ಫ್ಲಾಟಿನಲ್ಲಿ ಅಡುಗೆಮನೆಯ ಬೆನ್ನಿಗೆ ಅಂಥದ್ದೊಂದು ಕೋಣೆಯಿತ್ತು. ಕಟ್ಟಡದ ನಕ್ಷೆಯಲ್ಲಿ ಅದರ ಹೆಸರು ಮೇಡ್ಸ್ ರೂಮ್. ಮನೆಯಲ್ಲಿ ಮೇಡ್ ಇರಲಿಲ್ಲವಾದ್ದರಿಂದ (ಇದ್ದೊಬ್ಬಳು ಮಾಸ್ಟರ್ ಬೆಡ್‌ರೂಮಿನಲ್ಲಿ ಮಲಗುತ್ತಿದ್ದುದರಿಂದ) ಅದು ಸ್ಟೋರ್ ರೂಮ್ ಆಗಿತ್ತು. ಅಲ್ಲಿನ ರಾಜ್ಯಭಾರ ಸಿಸಿಲಿಯಾಳ ವೈನಿನ ಭರಣಿಗಳದ್ದು. ಪ್ರತಿ ವರ್ಷ ದ್ರಾಕ್ಷಿ ತಂದು, ತೊಟ್ಟು ಬಿಡಿಸಿ, ತೊಳೆದು ಒರೆಸಿ, ಲವಂಗ, ಚೆಕ್ಕೆ ಹಾಕಿ, ದಿನಾ ಮರದ ಸೌಟಿನಿಂದ ಕಲಕಿ, ಮಲ್ಲು ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೆಂದು ಸಕ್ಕರೆ ಸುಟ್ಟು ಬೆರೆಸಿ ಅವಳು ಮಾಡುವ ವೈನನ್ನು ಯಾರೂ ಹವ್ಯಾಸ ಎಂದು ಕರೆದದ್ದಿಲ್ಲ. 'ಸಿಸಿಲಿಯಾ ಹೇಗೂ ಮಾಡ್ತಾಳಲ್ಲ' ಎಂದು ಕರೆದಿದ್ದರು. ಆದರೆ ಒಂದು ಮರ್ಯಾದೆ ಮಾತ್ರ ಅದಕ್ಕೆ ಸಲ್ಲುತ್ತಿತ್ತು. ಕ್ರಿಸ್ಮಸ್ ಮಧ್ಯಾಹ್ನ ಗೆಳೆಯರೆಲ್ಲ ಸೇರಿದಾಗ ಮೊದಲ ಗ್ಲಾಸು ಅವಳ ವೈನಿನದ್ದು. ಎಲ್ಲರೂ ಎದ್ದು ನಿಂತು ಗ್ಲಾಸು ಎತ್ತಿ "ಸಿಸಿಲಿಯಾಗೆ!" ಅನ್ನುತ್ತಿದ್ದರು. ಆ ಒಂದು ಕೂಗಿನ ಬಲದ ಮೇಲೆ ಅವಳು ಮುಂದಿನ ವರ್ಷದ ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು.

ಪೀಪಾಯಿ ಬಂದ ದಿನವೇ ಭರಣಿಗಳು ಇಸ್ತ್ರಿ ಮೇಜಿನ ಅಡಿಗೆ ಸರಿದವು.

ಮರ ಉಬ್ಬಿ ಸಂದು ಮುಚ್ಚಿಕೊಳ್ಳಲು ಮೊದಲು ನೀರು ತುಂಬಿಸಿಡಬೇಕು ಎಂಬುದು ಆಸ್ವಾಲ್ಡನಿಗೆ ಗೊತ್ತಾದದ್ದು ಒಂದು ಬಾಟಲಿ ವಿಸ್ಕಿ ನೆಲದ ಪಾಲಾದ ಮೇಲೆ. ಒರೆಸಿದ್ದು ಯಾರೆಂದು ಕೇಳಬೇಡಿ. ಒರೆಸುವಾಗ ಅವನು ಬಾಗಿಲಲ್ಲಿ ನಿಂತು, "ಬಟ್ಟೆಯನ್ನು ಬಕೆಟಿಗೆ ಹಿಂಡಬೇಡ ಸಿಸ್ಸಿ, ಒಂದು ಪಾತ್ರೆಗೆ ಹಿಂಡು" ಎಂದ.

ಆಮೇಲೆ ಶುರುವಾಯಿತು ನೋಡಿ ಸವತಿಯ ಸಂಸಾರ. ಅವಳಿಗೆ ಸೆಖೆಯಾಗಬಾರದೆಂದು ಸ್ಟೋರ್ ರೂಮಿನ ಎಸಿ ಹಗಲಿಡೀ ಓಡತೊಡಗಿತು. (ಅಡುಗೆಮನೆಗೆ ಎಸಿ ಇಲ್ಲ. ಬೆವರು ಸುರಿಸಿ ಹಣ್ಣಾಗುವುದು ಹೆಂಡತಿಯರ ಪದ್ಧತಿ.) ಅವಳ ಮೈ ಒಣಗಬಾರದೆಂದು ಒದ್ದೆ ಬಟ್ಟೆ. ವಾರಕ್ಕೊಮ್ಮೆ ಮಗ್ಗುಲು ಬದಲಿಸುವ ಸೇವೆ.

"ಮಗ್ಗುಲು ಯಾಕೆ? ಬೆಡ್‌ಸೋರ್ ಆಗ್ತದಾ ಅದಕ್ಕೆ?"

"ತಮಾಷೆ ಅಲ್ಲ ಮಾರಾಯ್ತಿ. ಎಲ್ಲ ಕಡೆ ಮರ ನೆನೆಯಬೇಕು. ನೀನು ನರ್ಸ್ ಅಲ್ವಾ, ನಿನಗೆ ಮಗ್ಗುಲು ಬದಲಿಸುವುದು ಅಭ್ಯಾಸ ಉಂಟಲ್ಲ. ನಾನು ಆಫೀಸಿನಲ್ಲಿ ಇರುವಾಗ ಸ್ವಲ್ಪ ನೋಡಿಕೋ."

'ಸ್ವಲ್ಪ ನೋಡಿಕೋ' ಎಂಬ ಮಾತಿನ ಹೊಟ್ಟೆ ಬಲು ದೊಡ್ಡದು. ಅದರೊಳಗೆ ಒದ್ದೆ ಬಟ್ಟೆ, ಮಗ್ಗುಲು, ನಲ್ಲಿಯ ಕೆಳಗಿನ ಜಿನುಗು, ಎಸಿಯ ಫಿಲ್ಟರು ಎಲ್ಲವೂ ಹಿಡಿಯಿತು. ಆಸ್ವಾಲ್ಡನ ಪಾಲಿಗೆ ಉಳಿದದ್ದು ಪ್ರೀತಿ ಮಾತ್ರ. ಅದನ್ನು ಅವನು ಮನಸಾರೆ ಮಾಡಿದ. ಸಂಜೆ ಬಂದ ಕೂಡಲೇ ಪೀಪಾಯಿಯ ಹೊಟ್ಟೆಗೆ ಕಿವಿಯಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ಕಣ್ಣು ಮುಚ್ಚಿ ನಗುತ್ತಿದ್ದ. ಬಿರಡೆ ತೆಗೆಯುವ ಹಾಗಿಲ್ಲ. ಕ್ರಿಸ್ಮಸ್‌ವರೆಗೆ ಒಂದು ಹನಿ ರುಚಿ ನೋಡಬಾರದೆಂದು ಬಿಷಪ್ ಟ್ರೆವರರ ಅಪ್ಪಣೆಯಾಗಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ "ಒದೀತಾ ಉಂಟು, ಕಿವಿ ಇಡು" ಎಂದರೆ "ಮ್ಯಾಚ್ ಮುಗಿಯಲಿ" ಅಂದಿದ್ದ ಮನುಷ್ಯ ಇವನೇ.

ಆ ಮಗಳು ಅಲಿಶಾ ಈಗ ಕಾಲೇಜಿಗೆ ಹೋಗುತ್ತಿದ್ದಳು. ತಾಯಿಯ ಮುಖ ನೋಡಿ ಅವಳು ಕಿಸಕ್ಕನೆ ನಕ್ಕಳು. "ಮಮ್ಮಾ, ಆರ್ ಯು ಜೆಲಸ್ ಆಫ್ ಎ ಬ್ಯಾರೆಲ್?"

"ಜೆಲಸಂತೆ! ಅದರ ಸೊಂಟ ನೋಡು, ನನ್ನದು ನೋಡು."

"ಎಕ್ಸಾಕ್ಟ್ಲಿ, ಮಮ್ಮಾ" ಎಂದು ಹೇಳಿ ಆ ಪಾಪಿ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಇಷ್ಟನ್ನೆಲ್ಲ ಸಿಸಿಲಿಯಾ ಸಹಿಸಿಕೊಂಡಾಳು. ಆದರೆ ನವೆಂಬರಿನ ಒಂದು ಶನಿವಾರ ಆಸ್ವಾಲ್ಡ್ ಊಟದ ಮೇಜಿನಲ್ಲಿ ಘೋಷಿಸಿದ: "ಈ ಸಲ ಕ್ರಿಸ್ಮಸ್ ಟೋಸ್ಟ್ ನನ್ನ ಬ್ಯಾರೆಲಿಂದ. ಮೊದಲ ಗ್ಲಾಸು ವಿಸ್ಕಿ."

"ಮತ್ತೆ ನನ್ನ ವೈನ್?"

"ಅದು ಉಂಟಲ್ಲ, ಆಮೇಲೆ. ಕೇಕಿನ ಒಟ್ಟಿಗೆ. ಕುಡಿಯುವವರು ಇದ್ದರೆ."

ಕುಡಿಯುವವರು ಇದ್ದರೆ! ಸಿಸಿಲಿಯಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸ್ಸು ಹಾಕಿದಳು. ಅಂದಿನ ಸಾರಿನಲ್ಲಿ ಆಸ್ವಾಲ್ಡನಿಗೆ ಸಿಕ್ಕಿದ್ದು ಬಂಗುಡೆ ಮೀನಿನ ತಲೆ ಮಾತ್ರ.

ಮರುದಿನ ಅವಳು ಕ್ರಿಸ್ಮಸ್ ಕೇಕಿಗೆ ಒಣಹಣ್ಣು ನೆನೆಹಾಕಲು ಕುಳಿತಳು. ಪ್ರತಿ ವರ್ಷ ರಮ್ಮಿನಲ್ಲಿ ನೆನೆಹಾಕುವುದು ವಾಡಿಕೆ. ಈ ಸಲ ರಮ್ಮಿನ ಬಾಟಲಿಯ ಕಡೆ ಚಾಚಿದ ಕೈ ತಾನಾಗಿಯೇ ಸವತಿಯ ನಲ್ಲಿಯ ಕಡೆ ತಿರುಗಿತು. ಒಂದು ಲೋಟ. ಹಣ್ಣು ಹೀರಿಕೊಂಡಿತು. ಇನ್ನೊಂದು ಲೋಟ. ಒಣದ್ರಾಕ್ಷಿಗೆ ಅಷ್ಟು ಬಾಯಾರಿಕೆ ಇರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಸಿಟ್ಟು ಏರಿದಾಗೊಮ್ಮೆ ಅವಳು ಹಣ್ಣಿಗೆ ಕುಡಿಸಿದಳು. ಆಸ್ವಾಲ್ಡನ ದಯೆಯಿಂದ ಸಿಟ್ಟಿಗೆ ಕೊರತೆಯಾಗಲಿಲ್ಲ.

ಕಿವಿಯಿಟ್ಟವನ ಹುಬ್ಬು ಒಂದು ಸಂಜೆ ಮೇಲೇರಿತು. "ಸಿಸ್ಸಿ! ಒಳಗೆ ತುಂಬಾ ಕಡಿಮೆ ಆಗಿದೆ!" ಕೂಡಲೇ ಟ್ರೆವರನಿಗೆ ಫೋನು, ಸ್ಪೀಕರಿನಲ್ಲಿ.

"ಹೆದರಬೇಡ ಓಸಿ, ಅದು ದೇವದೂತರ ಪಾಲು" ಎಂದಿತು ಬಿಷಪರ ವಾಣಿ. "ಮರದ ಮೂಲಕ ಚೂರು ಚೂರು ಆವಿಯಾಗಿ ಹೋಗ್ತದೆ. ಎಲ್ಲ ಕಡೆ ಉಂಟು."

"ಇಷ್ಟೊಂದಾ?"

"ದುಬೈ ಅಲ್ವಾ ಮಾರಾಯ? ಇಲ್ಲಿಯ ದೇವದೂತರಿಗೆ ಬಾಯಾರಿಕೆ ಜಾಸ್ತಿ. ಆದರೆ ಕಡಿಮೆ ಆಯ್ತೂಂತ ಬೇರೆ ಎಂತದೂ ಹಾಕಬೇಡ. ಮುಖ್ಯವಾಗಿ ವೈನು ಗೀನು ಸೋಕಿಸಬೇಡ. ವಿಸ್ಕಿಗೆ ವೈನು ಸೇರಿದರೆ ಎರಡೂ ಹಾಳು, ಬಾಯಲ್ಲಿ ಇಡ್ಲಿಕ್ಕೆ ಆಗುದಿಲ್ಲ."

ಮೆಂತೆ ಸೊಪ್ಪು ಬಿಡಿಸುತ್ತಿದ್ದ ಸಿಸಿಲಿಯಾಳ ಕೈ ನಿಂತಿತು.

ಬೇರೇನನ್ನೋ ಹಾಕುವ ಯೋಚನೆ ಅವಳಿಗೆ ಬಂದಿರಲಿಲ್ಲ ಎಂದಲ್ಲ. ಕರಿ ಚಹಾ ಬಣ್ಣಕ್ಕೆ ಸರಿಹೊಂದುತ್ತಿತ್ತು. ಆದರೆ ಯಾರಿಗಾದರೂ ಹೊಟ್ಟೆ ಕೆಟ್ಟರೆ? ನರ್ಸಿನ ಮನಸ್ಸು ಒಪ್ಪಲಿಲ್ಲ. ವೈನಿನಿಂದ ಯಾರೂ ಸಾಯುವುದಿಲ್ಲ. ಸವತಿಯ ಮಾನ ಮಾತ್ರ ಹೋಗುತ್ತದೆ. ಮರುದಿನ ಮಧ್ಯಾಹ್ನ ಅವಳು ಇಸ್ತ್ರಿ ಮೇಜಿನ ಅಡಿಯಿಂದ ಭರಣಿ ಎಳೆದು, ಪೀಪಾಯಿಯ ಬಿರಡೆ ತೆಗೆದು, ಆಲಿಕೆ ಇಟ್ಟು, "ಕುಡಿ ಮಹಾರಾಣಿ" ಎಂದು ಕಂಠಮಟ್ಟ ತುಂಬಿಸಿದಳು. ಕ್ರಿಸ್ಮಸ್ ದಿನ ಟ್ರೆವರ್ ತೂ ಎಂದು ಉಗುಳುವ ದೃಶ್ಯ ಕಣ್ಣಿಗೆ ಕಟ್ಟಿತು. ಆಮೇಲೆ ಎಲ್ಲರೂ "ಸಿಸಿಲಿಯಾ, ನಿಮ್ಮ ವೈನ್ ಕೊಡಿ, ಬಾಯಿ ತೊಳೆದುಕೊಳ್ತೇವೆ" ಎಂದು ಬೇಡುವುದೂ ಕಂಡಿತು.

ಆ ಸಂಜೆ ಕಿವಿಯಿಟ್ಟ ಆಸ್ವಾಲ್ಡ್, "ಅರೆ, ಪುನಃ ಉಬ್ಬಿದೆ! ಚಳಿಗೆ ಹಾಗಾಗ್ತದೆ" ಎಂದು ವಿಜ್ಞಾನ ಹೇಳಿದ.

ಕ್ರಿಸ್ಮಸ್ ಬಂತು. ಸಿಸಿಲಿಯಾ ಹಂದಿ ಮಾಂಸದ ಬಫಾತ್ ಸಾರು ಮಾಡಿ, ಇಡ್ಲಿಯಂಥ ಸನ್ನಾ ಬೇಯಿಸಿ, ಇಗರ್ಜಿಗೆ ಹೋಗಿ ಬಂದು, ಮನೆ ಗುಡಿಸಿ, ಸೀರೆ ಉಟ್ಟಳು. ಟ್ರೆವರ್ ಹೆಂಡತಿ ನತಾಶಾಳೊಂದಿಗೆ ಬಂದ. ಆಸ್ವಾಲ್ಡನ ಆಫೀಸಿನ ಎಂಜಿನಿಯರ್, ಗದಗಿನ ಶೇಖಪ್ಪ ಒಬ್ಬರೇ ಬಂದರು. "ಹಂದಿ ಒಲ್ಲೆರಿ ಅಕ್ಕಾರ, ಸನ್ನಾ ಅಷ್ಟ ಹಾಕ್ರಿ. ಕುಡಿಯೂದಕ್ಕ ಮಾತ್ರ ನಮ್ಮದೇನೂ ವ್ರತ ಇಲ್ಲ" ಎಂದರು.

ಆಸ್ವಾಲ್ಡ್ ಪೀಪಾಯಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ನಡುವೆ ಪ್ರತಿಷ್ಠಾಪಿಸಿ ಸಣ್ಣ ಭಾಷಣ ಮಾಡಿದ. "ಇದು ಸುಲಭ ಅಂತ ತಿಳೀಬೇಡಿ. ದಿನಾ ಒದ್ದೆ ಬಟ್ಟೆ ಬದಲಿಸಬೇಕು. ವಾರ ವಾರ ಮಗ್ಗುಲು ಬದಲಿಸಬೇಕು. ನೆಲ ಒರೆಸಬೇಕು. ಮಕ್ಕಳನ್ನು ಸಾಕಿದ ಹಾಗೆ!"

ನತಾಶಾ ಲೊಚಗುಟ್ಟಿದಳು. ಸಿಸಿಲಿಯಾ ಬಾಯಿ ತೆರೆದವಳು, ಇರಲಿ, ಇನ್ನು ಎರಡು ನಿಮಿಷದ ಆಟ ಎಂದು ಮುಚ್ಚಿಕೊಂಡಳು.

ಟ್ರೆವರ್ ಗ್ಲಾಸನ್ನು ತಿರುಗಿಸಿದ. ಮೂಗನ್ನು ಒಳಗಿಳಿಸಿದ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಸಿಸಿಲಿಯಾ ಉಪಕಾರ ಬುದ್ಧಿಯಿಂದ ಟಿಶ್ಯೂ ಡಬ್ಬವನ್ನು ಅವನ ಹತ್ತಿರ ಸರಿಸಿದಳು.

"ಓಸಿ," ಎಂದ ಟ್ರೆವರ್ ಗಡಸು ಧ್ವನಿಯಲ್ಲಿ, "ಎಂತ ಮಾಡಿದ್ದಿ ಮಾರಾಯ ನೀನು?"

ಆಸ್ವಾಲ್ಡನ ಮುಖ ಬಿಳಿಚಿತು. ಸಿಸಿಲಿಯಾಳ ಮುಖ ಅರಳಿತು.

"ಲವಂಗ! ಚೆಕ್ಕೆ! ಹಿಂದಿನಿಂದ ಸುಟ್ಟ ಸಕ್ಕರೆ ಬರ್ತಾ ಉಂಟು! ಇಷ್ಟು ವರ್ಷದಲ್ಲಿ ಇಂಥದ್ದು ಕುಡಿದಿಲ್ಲ!"

"ಎಲ್ಲ ಓಕ್ ಮರದ ಗುಣ," ಎಂದ ಆಸ್ವಾಲ್ಡ್, ನಮ್ರತೆಯಿಂದ ನೆಲ ನೋಡುತ್ತ.

"ನನಗ ವಿಸ್ಕಿ ಅಂದ್ರ ಗಂಟಲಾ ಕೆರೀತದರಿ. ಇದು ಬೆಣ್ಣಿ ಇಳದಂಗ ಇಳೀತು ನೋಡ್ರಿ" ಎಂದರು ಶೇಖಪ್ಪ. "ಏನ್ ಕೈಗುಣಾರೀ ನಿಮ್ಮದು!"

ಎಲ್ಲರೂ ಎದ್ದು ನಿಂತರು. ಗ್ಲಾಸುಗಳು ಮೇಲೆ ಹೋದವು. "ಆಸ್ವಾಲ್ಡ್‌ಗೆ!"

"ಲವಂಗ ನನ್ನದು!" ಎಂದಳು ಸಿಸಿಲಿಯಾ.

ಗ್ಲಾಸುಗಳು ಗಾಳಿಯಲ್ಲೇ ನಿಂತವು.

"ಲವಂಗ ನನ್ನದು, ಚೆಕ್ಕೆ ನನ್ನದು, ಸಕ್ಕರೆ ಸುಟ್ಟದ್ದು ನಾನು. ಅದರಲ್ಲಿ ನನ್ನ ವೈನ್ ಉಂಟು. ಮರದ ಗುಣವಂತೆ! ನಿಲ್ಲಿ, ತೋರಿಸ್ತೇನೆ." ಅವಳು ಸೀರೆಯ ನೆರಿಗೆ ಎತ್ತಿಕೊಂಡು ಸ್ಟೋರ್ ರೂಮಿಗೆ ಓಡಿ, ಬಾಟಲಿಯಲ್ಲಿ ವೈನ್ ತಂದು ಪ್ರತಿಯೊಬ್ಬರಿಗೂ ಬೇರೆ ಗ್ಲಾಸಿನಲ್ಲಿ ಸುರಿದಳು. "ಕುಡಿದು ಹೇಳಿ."

ಟ್ರೆವರ್ ಕುಡಿದ. ಹುಬ್ಬೇರಿಸಿದ. "ಹೌದಲ್ಲ. ಅದೇ ರುಚಿ."

"ಅದೇ ಅಲ್ವಾ?" ಸಿಸಿಲಿಯಾ ಗೆದ್ದ ದನಿಯಲ್ಲಿ ಕೇಳಿದಳು.

"ಅದೇ. ಸ್ವಲ್ಪ ತೆಳು, ಅಷ್ಟೆ." ಟ್ರೆವರ್ ಬೆರಳಾಡಿಸುತ್ತ ನಕ್ಕ. "ಸಿಸಿಲಿಯಾ, ಕಳ್ಳಿ ನೀವು! ಆಸ್ವಾಲ್ಡನ ಬ್ಯಾರೆಲಿಂದ ತೆಗೆದು ನಿಮ್ಮ ವೈನಿಗೆ ಬೆರೆಸಿದ್ದು, ಅಲ್ವಾ?"

"ಅಲ್ಲ! ಉಲ್ಟಾ!"

ಆಸ್ವಾಲ್ಡನ ತಲೆಯೊಳಗೆ ದೀಪ ಹತ್ತಿತು. "ಆಹಾ! ಹಾಗಾದರೆ ಆ ದೇವದೂತ ನೀನಾ? ಸತ್ಯ ಹೇಳು ಸಿಸ್ಸಿ, ಬ್ಯಾರೆಲಿಂದ ತೆಗೆದದ್ದು ಉಂಟಾ ಇಲ್ವಾ?"

ಬೆಳಿಗ್ಗೆಯಷ್ಟೇ ಪರಮಪ್ರಸಾದ ಸ್ವೀಕರಿಸಿದ ನಾಲಗೆ. ಅದರಲ್ಲಿ ಸುಳ್ಳು ಹೇಗೆ ಆಡುವುದು?

"ತೆಗೆದದ್ದು ಉಂಟು. ಆದರೆ ಅದು ಕೇಕಿನ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ನಗುವಿಗೆ ಗೋಡೆಯ ನಕ್ಷತ್ರದ ದೀಪ ಅಲ್ಲಾಡಿತು. ಶೇಖಪ್ಪ ಮೇಜು ಕುಟ್ಟಿ ನಕ್ಕರು. ಆಸ್ವಾಲ್ಡ್ ಮಾತ್ರ ನಗಲಿಲ್ಲ. ಅವನು ದೊಡ್ಡ ಮನಸ್ಸು ಮಾಡಿ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. "ನಗಾಡಬೇಡಿ ಮಾರ್ರೆ ಅವಳನ್ನು. ಅವಳಿಗೂ ಆಸೆ ಇರ್ತದಲ್ಲ? ಬರುವ ವರ್ಷದಿಂದ ವೈನ್ ಮಾಡುವುದು ಹೇಗೆ ಅಂತ ನಾನೇ ಕೂತು ಕಲಿಸಿಕೊಡ್ತೇನೆ."

ಸಿಸಿಲಿಯಾ ಎಂಜಲು ಗ್ಲಾಸುಗಳನ್ನು ಬಾಚಿಕೊಂಡು ಅಡುಗೆಮನೆಗೆ ನಡೆದಳು. ಟ್ರೆವರನ ಗ್ಲಾಸಿನ ತಳದಲ್ಲಿ ಪೀಪಾಯಿಯದ್ದು ಒಂದು ಗುಟುಕು ಉಳಿದಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕುಡಿದಳು. ಚೆನ್ನಾಗಿಯೇ ಇತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂದು ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಹಿಂದೆಯೇ ನತಾಶಾ ಬಂದು ಸಿಂಕಿನ ಪಕ್ಕ ಒರಗಿ ನಿಂತಳು. ನಿಟ್ಟುಸಿರು ಬಿಟ್ಟಳು.

"ನಿನ್ನ ಪುಣ್ಯ ಸಿಸಿಲಿಯಾ. ಬಟ್ಟೆ ಬದಲಿಸಿ, ನೆಲ ಒರೆಸಿ, ಎಷ್ಟು ತಿಂಗಳು ಸಾಕಿದ್ದಾನೆ ನೋಡು ಆಸ್ವಾಲ್ಡ್! ನಮ್ಮದುಂಟು ಒಂದು ಜನ, ನೀರು ಕುಡಿದ ಗ್ಲಾಸನ್ನೂ ಎತ್ತಿಡುವುದಿಲ್ಲ. ಮನೆಕೆಲಸ ಮಾಡುವ ಗಂಡ ಎಷ್ಟು ಜನರಿಗೆ ಸಿಗ್ತಾನೆ? ದೇವರಾಣೆ ಹೇಳ್ತೇನೆ, ನಿನ್ನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗ್ತದೆ ಮಾರಾಯ್ತಿ."

ಸಿಸಿಲಿಯಾ ನಲ್ಲಿ ನಿಲ್ಲಿಸಿದಳು. ಆಮೇಲೆ ಇನ್ನೊಂದು ಸ್ಪಂಜನ್ನು ಸಾಬೂನು ನೀರಿನಲ್ಲಿ ಅದ್ದಿ ನತಾಶಾಳ ಕೈಗಿಟ್ಟಳು.