ಮಹಡಿ ಮೇಲಿನ ಮೆಕ್ಸಿಕೋ

ನೆರೆಯವರು ಒಳ್ಳೆಯವರಾದರೆ ಬಾಳು ನೆಮ್ಮದಿ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಮಸ್ಕತ್‌ನಲ್ಲಿ ನಮಗೆ ಸಿಕ್ಕಿದ ನೆರೆಯವರು ಬಂಗಾರದಂಥವರು. ಆದರೂ ಏನಾದರೊಂದು ಫಜೀತಿ ಆಗುತ್ತಲೇ ಇತ್ತು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ ಅಜೈಬಾ ಬಡಾವಣೆಯ ಒಂದು ವಿಲ್ಲಾದ ಕೆಳಗಡೆ ಮಂಗಳೂರಿನ ಕೊಂಕಣಿ ಕ್ರೈಸ್ತರಾದ ನಾವು: ಆಫೀಸಿನ ಕ್ಲಾರ್ಕ್ ನಾನು, ನನ್ನ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗ. ಮಹಡಿಗೆ ಮೆಕ್ಸಿಕೋದ ಎಂಜಿನಿಯರ್ ಒಬ್ಬರು ಹೆಂಡತಿ, ಮಗಳ ಜೊತೆ ಬಂದರು.

ಬಂದ ಸ್ವಲ್ಪ ದಿನಕ್ಕೇ ಎಂಜಿನಿಯರ್ ನನ್ನ ಹತ್ತಿರ ಗುಟ್ಟಾಗಿ ಹೇಳಿದರು: "ನನ್ನ ಹೆಂಡತಿಗೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಕ್ರಿಸ್ಮಸ್‌ವರೆಗೆ ನೋಡುತ್ತಾಳಂತೆ. ಆಗಲೂ ಹೀಗೇ ಇದ್ದರೆ ಮಗಳನ್ನು ಕರೆದುಕೊಂಡು ಊರಿಗೆ ಹೋಗಿಬಿಡುತ್ತಾಳಂತೆ."

ಆ ಗುಟ್ಟನ್ನು ನಾನು ಅಷ್ಟೇ ಗುಟ್ಟಾಗಿ ನನ್ನ ಹೆಂಡತಿಗೆ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೇಗೆ ಹೋಗ್ತಾಳೆ ನೋಡುವ" ಎಂದಳು.

ಖಾರದವರು

ಮಹಡಿಯ ಆ ಹೆಂಗಸು ಮೊದಲು ಬಂದದ್ದು ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ, ಖಾಲಿ ಪಾತ್ರೆ ಹಿಡಿದುಕೊಂಡು. ಅವರಿಗೆ ದಿನವೂ ಮೆಕ್ಕೆಜೋಳದ ರೊಟ್ಟಿ ಬೇಕು. ಅದಕ್ಕೆ ತೋರ್ತಿಯಾ ಎನ್ನುತ್ತಾರೆ. ಮೂಲೆಯ ಅಂಗಡಿಯ ಬ್ಯಾರಿಗಳು ಹಿಟ್ಟನ್ನೇನೋ ತರಿಸಿಕೊಟ್ಟರು, ಆದರೆ ಅದು ಅವರ ಊರಿನ ಹಿಟ್ಟಲ್ಲವಲ್ಲ, ತಟ್ಟಿದರೆ ಪುಡಿಪುಡಿ. ಆಕೆಯ ಕಣ್ಣಲ್ಲಿ ನೀರು ತುಂಬಿತು.

ನನ್ನ ಹೆಂಡತಿ ಅಕ್ಕಿರೊಟ್ಟಿಗೆ ಮಾಡುವ ಹಾಗೆ ಕುದಿಯುವ ನೀರು ಹಾಕಿ ಹಿಟ್ಟು ನಾದಿ, ತಟ್ಟಿ, ಕಾವಲಿಗೆ ಹಾಕಿದಳು. ರೊಟ್ಟಿ ಉಬ್ಬಿತು. ಇವಳದು ಕೊಂಕಣಿ, ಅವಳದು ಸ್ಪ್ಯಾನಿಷ್, ಆದರೂ ಅವತ್ತಿನಿಂದ ಇಬ್ಬರ ಮಾತು ನಿಲ್ಲಲಿಲ್ಲ. ಹಿಂಬಾಗಿಲಿಗೆ ಚಿಲಕ ಹಾಕುವುದೂ ನಿಂತುಹೋಯಿತು.

ರೊಟ್ಟಿ ತಿನ್ನಲು ಬಂದ ಎಂಜಿನಿಯರ್, "ಮೆಣಸಿನಕಾಯಿ ಹುಟ್ಟಿದ್ದೇ ನಮ್ಮಲ್ಲಿ" ಎಂದು ಜಂಬ ಕೊಚ್ಚಿದರು. ನಾನು ಸುಮ್ಮನಿರುವವನೇ? ನಮ್ಮ ಗಾಂಧಾರಿ ಮೆಣಸಿನ ಉಪ್ಪಿನಕಾಯಿ ಮುಂದಿಟ್ಟೆ. ಅವರು ತಮ್ಮ ಹಸಿರು ಚಟ್ನಿಯನ್ನು ನನ್ನ ತಟ್ಟೆಗೆ ಸುರಿದರು. ಸ್ವಲ್ಪ ಹೊತ್ತಿಗೆ ಇಬ್ಬರ ಬಾಯಿಯೂ ಉರಿಯುತ್ತಿತ್ತು, ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ನೀರು ಕೇಳಲು ಇಬ್ಬರಿಗೂ ಮರ್ಯಾದೆ ಅಡ್ಡ.

ನನ್ನ ಹೆಂಡತಿ ಒಳಗಿನಿಂದ ಬಂದು ನೋಡಿ ಮರುಗಿದಳು: "ಅಯ್ಯೋ ಪಾಪ, ಗಂಡಸರಿಗೂ ಊರಿನ ನೆನಪು ಬಂತಾ?"

ಏಳು ಗಂಟೆ ಅಂದರೆ

ಒಂದು ದಿನ ಸಂಜೆ ಏಳಕ್ಕೆ ಬನ್ನಿ, ಮಗಳ ಹುಟ್ಟುಹಬ್ಬ ಎಂದು ಮಹಡಿಯವರು ಕರೆದರು. ನಾವು ಕೇಕು ಹಿಡಿದು ಏಳಕ್ಕೆ ಸರಿಯಾಗಿ ಮೆಟ್ಟಿಲು ಹತ್ತಿದೆವು. ಬಾಗಿಲು ತೆಗೆದ ಎಂಜಿನಿಯರ್ ಟವೆಲಿನಲ್ಲಿದ್ದರು, ಮೈಯಲ್ಲಿ ಸೋಪಿನ ನೊರೆ. "ಏನಾಯಿತು? ಯಾರಿಗಾದರೂ ಹುಷಾರಿಲ್ಲವೇ?" ಎಂದು ಗಾಬರಿಯಿಂದ ಕೇಳಿದರು.

ಅವರಲ್ಲಿ ಏಳು ಅಂದರೆ ಸ್ನಾನಕ್ಕೆ ಹೋಗುವ ಹೊತ್ತು ಎಂದು ನಮಗೆ ಆಮೇಲೆ ತಿಳಿಯಿತು. ನಾನು ಬಣ್ಣದ ಕಾಗದ ಕಟ್ಟಿದೆ, ನನ್ನ ಹೆಂಡತಿ ಈರುಳ್ಳಿ ಹೆಚ್ಚಿದಳು. ಒಂಬತ್ತರ ಮೇಲೆ ಬಂದ ಅವರ ಸ್ನೇಹಿತರನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಿದವಳೂ ಇವಳೇ.

ನಮ್ಮ ಮಗನ ಹುಟ್ಟುಹಬ್ಬಕ್ಕೆ ನಾನು ಉಪಾಯ ಮಾಡಿದೆ. ಉಳಿದವರಿಗೆ ಏಳು, ಮಹಡಿಯವರಿಗೆ ಮಾತ್ರ ಐದು ಎಂದು ಹೇಳಿದೆ. ಅವರೋ, ಈ ಮಂಗಳೂರಿನವರ ಪದ್ಧತಿಗೆ ಮರ್ಯಾದೆ ಕೊಡಬೇಕೆಂದು ನಿಶ್ಚಯಿಸಿಬಿಟ್ಟಿದ್ದರು.

ಐದಕ್ಕೆ ಸರಿಯಾಗಿ ಬೆಲ್ ಆಯಿತು. ಟವೆಲಿನಲ್ಲಿ ಹೋಗಿ ಬಾಗಿಲು ತೆಗೆದವನು ನಾನು.

ಸೊಂಟದ ವಿಷಯ

ಮಹಡಿಯವರ ಮನೆಯಲ್ಲಿ ಕ್ಯಾಸೆಟ್ ಹಾಕಿದರೆ ಯಾರೂ ಕೂರುವಂತಿಲ್ಲ. ಗಂಡಸರಿಗೆ ಎದೆಯ ಮೇಲೆ ನೆರಿಗೆ ಇರುವ ಬಿಳಿ ಅಂಗಿ, ಹೆಂಗಸರಿಗೆ ಅಂಚಿನ ತುಂಬಾ ಹೂವಿನ ಕಸೂತಿಯ ಲಂಗ, ಎಲ್ಲರ ಕಾಲೂ ನೆಲದ ಮೇಲೆ ನಿಲ್ಲುವುದಿಲ್ಲ. ಊರಿನ ಮದುವೆಗಳಲ್ಲಿ ಬೈಲಾ ಕುಣಿದ ಧೈರ್ಯದಿಂದ ನಾನೂ ಇಳಿದೆ.

ಎಂಜಿನಿಯರರ ಹೆಂಡತಿ ನನ್ನನ್ನು ತಡೆದು, "ಕಾಲು ಸಾಕು, ಸೊಂಟ ಎಲ್ಲಿ?" ಎಂದಳು. ಆಫೀಸಿನ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತ ಸೊಂಟ ಅದು, ಕರೆದ ತಕ್ಷಣ ಬರುತ್ತದೆಯೇ? ಆದರೂ ಬೆವರು ಸುರಿಸಿ ಕುಣಿದೆ. ಚೆನ್ನಾಗಿಯೇ ಬರುತ್ತಿದೆ ಎಂದು ನನಗನಿಸಿತು.

ಮಗನನ್ನು ಕರೆದು, "ಹೇಗುಂಟಾ?" ಎಂದು ಕೇಳಿದೆ. ಅವನು ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದ: "ವೆರಿ ನೈಸ್ ಮಾರ್ಚಿಂಗ್, ಡ್ಯಾಡಿ."

ಜಾಗ ಇಲ್ಲ

ಡಿಸೆಂಬರ್ ಬಂತು. ಮೇಲಿನ ಮನೆಯಲ್ಲಿ ಸೂಟ್‌ಕೇಸ್ ಅಟ್ಟದಿಂದ ಇಳಿದಿದೆ ಎಂದು ಎಂಜಿನಿಯರ್ ಮುಖ ಸಣ್ಣ ಮಾಡಿಕೊಂಡು ಹೇಳಿದರು. "ಪೊಸಾದಾ ಇಲ್ಲದ ಕ್ರಿಸ್ಮಸ್ ಎಂಥ ಕ್ರಿಸ್ಮಸ್ ಎಂದು ಅಳುತ್ತಾಳೆ."

ಪೊಸಾದಾ ಅಂದರೆ ಹೀಗೆ: ಇಬ್ಬರು ಮಕ್ಕಳು ಮೇರಿ ಮಾತೆ, ಜೋಸೆಫರ ವೇಷ ಹಾಕುತ್ತಾರೆ. ಎಲ್ಲರೂ ಮೊಂಬತ್ತಿ ಹಿಡಿದು ಒಂದು ಮನೆಯ ಬಾಗಿಲಿಗೆ ಹೋಗಿ, ತಂಗಲು ಜಾಗ ಕೊಡಿ ಎಂದು ಹಾಡುತ್ತಾರೆ. ಒಳಗಿನವರು ಜಾಗ ಇಲ್ಲ, ಹೋಗಿ ಎಂದು ಹಾಡಬೇಕು. ಹೀಗೆ ಬಹಳ ಹೊತ್ತು ನಡೆದು, ಕೊನೆಗೆ ಬಾಗಿಲು ತೆರೆಯಬೇಕು, ಆಮೇಲೆ ಊಟ.

"ಅಷ್ಟೇ ಅಲ್ವಾ? ನಮ್ಮ ಮನೆಯಲ್ಲೇ ಮಾಡುವ" ಎಂದಳು ನನ್ನ ಹೆಂಡತಿ. ಅವರ ಮಗಳು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮೇರಿಯಾದಳು, ನಮ್ಮ ಮಗ ಜೋಸೆಫ್.

ಸಂಜೆ ಮೊದಲ ಸಾಲು ಹಾಡಿದ್ದೇ ತಡ, ನನ್ನ ಹೆಂಡತಿ ಬಾಗಿಲು ಹಾರುಹೊಡೆದು, "ಬನ್ನಿ, ಬನ್ನಿ, ಒಳಗೆ ಬನ್ನಿ!" ಎಂದಳು.

"ನೋ, ನೋ! ಬೈಯಬೇಕು!" ಎಂದು ಹೊರಗಿನಿಂದ ಆ ಹೆಂಗಸು ಕೂಗಿದಳು. ಬಾಗಿಲು ಮುಚ್ಚಿದೆವು. ಎರಡನೆಯ ಸಲವೂ ಅದೇ ಕಥೆ.

ನಾನು ರೇಗಿದೆ: "ಜಾಗ ಇಲ್ಲ ಅಂತ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ ಮಾರಾಯ್ತಿ? ಸುಮ್ಮನೆ ನಾಟಕ ಅದು!"

"ಬಸುರಿ ಹೆಂಗಸನ್ನು ಬಾಗಿಲಲ್ಲಿ ನಿಲ್ಲಿಸಿ ಹೋಗು ಅನ್ನುವ ನಾಟಕ ನಮ್ಮ ಮನೆಯಲ್ಲಿ ಬೇಡ" ಎಂದಳು. ಅವಳ ಕೈ ಮತ್ತೆ ಚಿಲಕಕ್ಕೆ ಹೋಯಿತು.

ಆ ಕಡೆ ಸೂಟ್‌ಕೇಸ್, ಈ ಕಡೆ ಇವಳು. ನಾನು ಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿದೆ. ಅವರು ಹೊರಗೆ ಹಾಡಿದರು, ನಾನು ಒಳಗಿನಿಂದ ಸುಶ್ರಾವ್ಯವಾಗಿ ಬೈದೆ. ಪದ್ಧತಿಯಂತೆ ಎಲ್ಲ ಸಾಲೂ ಮುಗಿದ ಮೇಲೆ ಗಂಭೀರವಾಗಿ ಬಾಗಿಲು ತೆರೆದೆ.

ಹೊರಗೆ ಗಂಡ ಹೆಂಡತಿ ಇಬ್ಬರೇ ಮೊಂಬತ್ತಿ ಹಿಡಿದು ನಿಂತಿದ್ದರು. ಮೇರಿಯೂ ಇಲ್ಲ, ಜೋಸೆಫನೂ ಇಲ್ಲ! ಕಣ್ಣು ಮುಚ್ಚಿ ಹಾಡುತ್ತಿದ್ದ ಅವರಿಗೂ ಗೊತ್ತಾಗಿರಲಿಲ್ಲ.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ನಿಮ್ಮ ಹಾಡು ಮುಗಿದಿದ್ದರೆ ಕೈ ತೊಳೆದು ಬನ್ನಿ. ಇವರದ್ದು ಊಟ ಆಯಿತು."

ಓಡಿಹೋಗಿ ನೋಡಿದರೆ ಹಿಂಬಾಗಿಲು ತೆರೆದೇ ಇದೆ. ದಿಂಬು ಕುರ್ಚಿಯ ಮೇಲೆ. ಮೇರಿ ಮಾತೆ ಕ್ರಿಸ್ಮಸ್ ತಿಂಡಿಯ ಡಬ್ಬಿಗೆ ಕೈ ಹಾಕಿದ್ದಾಳೆ, ಸಂತ ಜೋಸೆಫರು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾರೆ.

ಆ ಹೆಂಗಸು ನೆಲದ ಮೇಲೆ ಕುಸಿದು ಕೂತಳು. ಎಲ್ಲ ಮುಗಿಯಿತು ಎಂದುಕೊಂಡೆ. ನೋಡಿದರೆ ನಗುತ್ತಿದ್ದಾಳೆ! ನಕ್ಕು ನಕ್ಕು ಅತ್ತು, ನನ್ನ ಹೆಂಡತಿಯನ್ನು ಅಪ್ಪಿಕೊಂಡಳು. ಮರುದಿನ ಸೂಟ್‌ಕೇಸ್ ಅಟ್ಟ ಸೇರಿತು. ಅವರು ಹೋಗುವುದಿಲ್ಲ ಎಂದು ಕೇಳಿ ನನಗೂ ತುಂಬಾ ಸಂತೋಷವಾಯಿತು.

ಮುಂದಿನ ಕ್ರಿಸ್ಮಸ್‌ಗೆ ಆಕೆ ಜಾಣೆಯಾಗಿದ್ದಳು. ಹಾಡು ಶುರುವಾಗುವ ಮೊದಲೇ ಮುಂಬಾಗಿಲು, ಹಿಂಬಾಗಿಲು ಎರಡಕ್ಕೂ ತಾನೇ ನಿಂತು ಬೀಗ ಹಾಕಿಸಿದಳು.

ನನ್ನ ಹೆಂಡತಿ ತಟ್ಟೆಗಳನ್ನು ಕಿಟಕಿಯಿಂದ ಕೊಟ್ಟಳು.